ಗ್ರಿಲ್ ಇಲ್ಲದ ಕಿಟಕಿ

ಹರೆಯದವರ ಕಾದಂಬರಿ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಆ ಮನೆಯಲ್ಲಿ ಕೋಣೆ ಎಷ್ಟಿವೆ ಅಂತ. ಪ್ರೀತಿ, ಪ್ರೇಮ ಎಲ್ಲ ಆಮೇಲೆ.

ಅಮೆರಿಕದ ಎಸ್. ಇ. ಹಿಂಟನ್ ‘ದಿ ಔಟ್‌ಸೈಡರ್ಸ್’ ಬರೆಯಲು ಕೂತಾಗ ಆಕೆಗೆ 15. 1967ರಲ್ಲಿ ಪುಸ್ತಕ ಬಂದಾಗ 18. ಬರೆದವಳು ಹುಡುಗಿ ಅಂತ ಗೊತ್ತಾದರೆ ವಿಮರ್ಶಕರು ಮೂಗು ಮುರಿಯುತ್ತಾರೆ ಅಂತ ಹೆಸರಿನ ಬದಲು ಬರೀ ಇನಿಷಿಯಲ್ ಹಾಕಿದರು. ನನಗೆ ಹಿಡಿಸಿದ್ದು ಮಾತ್ರ ಬೇರೆ. ಅಪ್ಪ ಅಮ್ಮ ಇಲ್ಲದ ಆ ಮನೆಯಲ್ಲಿ ಅಣ್ಣ ತಮ್ಮ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ. ಪರವಾಗಿಲ್ಲ, ನಮ್ಮ ಕಡೆಯವರೇ ಅನ್ನಿಸಿತು.

ಅದೇ 1967ರಲ್ಲಿ ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ತೆರೆಗೆ ತಂದರು. ಇಂದಿರೆಯ ಪ್ರೀತಿ ಕೆಡಿಸಲು ಅಲ್ಲಿ ಇನ್ನೊಬ್ಬ ಹುಡುಗಿ ಬರುವುದಿಲ್ಲ. ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಅಷ್ಟೇ. ಆಸ್ತಿಗೆ ಪಾಲುದಾರ ಬಂದ ಅಂತ ಅವಳನ್ನು ಮದುವೆಯಾಗಬೇಕಿದ್ದ ಮೋಹನ್ ಮೆಲ್ಲಗೆ ಜಾರಿಕೊಳ್ಳುತ್ತಾನೆ. ಮುಂದೆ ಅವನೇ ಬಂದು ಕೇಳಿದಾಗ ಇಂದಿರಾ ಒಲ್ಲೆ ಅನ್ನುತ್ತಾಳೆ. ಹುಡುಗಿ ದೊಡ್ಡವಳಾಗುವುದು ಅಲ್ಲೇ ಅಲ್ವಾ? ಸ್ವಂತ ಕೋಣೆಯಲ್ಲಿ ಕೂತು ‘ನಾನು ಯಾರು’ ಅಂತ ಡೈರಿ ಬರೆಯುವ ಭಾಗ್ಯ ನಮ್ಮ ಕಥೆಯ ಹುಡುಗಿಯರಿಗೆ ಕಡಿಮೆ. ಆ ಪ್ರಶ್ನೆಗೆ ಉತ್ತರ ಕೊಡಲು ಅತ್ತೆ, ಚಿಕ್ಕಪ್ಪ, ಎದುರುಮನೆಯವರು ಎಲ್ಲರೂ ತಯಾರು.

ನಮ್ಮಕ್ಕನ ಮಗಳಿಗೆ ಇವೆರಡೂ ಬೇಡ. ‘ಟ್ವೈಲೈಟ್’ ಅನ್ನುವ ಅಮೆರಿಕದ ರಕ್ತಪಿಶಾಚಿ ಪ್ರೇಮಕಾದಂಬರಿ ಬೇಕು. ಅದರಲ್ಲಿ 17ರ ಬೆಲ್ಲಾ ರಾತ್ರಿ ಮಲಗಿದ್ದರೆ ಎಡ್ವರ್ಡ್ ಕಿಟಕಿಯಿಂದ ಒಳಗೆ ಬಂದು ಅವಳನ್ನೇ ನೋಡುತ್ತಾ ಕೂರುತ್ತಾನೆ. ಅವನು ರಕ್ತ ಕುಡಿಯುವವನು ಅನ್ನುವುದನ್ನು ಹೇಗೋ ನಂಬಿದೆ. ಆ ಕಿಟಕಿಗೆ ಗ್ರಿಲ್ಲೇ ಇಲ್ಲ ಅನ್ನುವುದನ್ನು ನಂಬಲಾಗಲಿಲ್ಲ. ಅದೂ ಹುಡುಗಿಯ ಅಪ್ಪ ಊರಿನ ಪೊಲೀಸ್ ಮುಖ್ಯಸ್ಥ! ನಮ್ಮಲ್ಲಾದರೆ ಗೋಡೆಗೆ ಬಣ್ಣ ಬೀಳುವ ಮೊದಲೇ ಗ್ರಿಲ್ ಬಂದಿರುತ್ತದೆ. ಅಕ್ಕನ ಮನೆಯ ಕಿಟಕಿಗೆ ಅಡ್ಡಡ್ಡ ಸರಳು, ನಡುವೆ ಕಬ್ಬಿಣದ ಕಮಲ, ಆಚೆಗೆ ಸೊಳ್ಳೆ ಮೆಶ್. ಸರಳಿಗೆ ಯಾವಾಗಲೂ ಒಂದು ಟವೆಲ್ ನೇತಾಡುತ್ತಿರುತ್ತದೆ. ಪ್ರೇಮಿ ಹಾಗಿರಲಿ, ಸೊಳ್ಳೆಗೂ ದಾರಿ ಇಲ್ಲ.

ಜೊತೆಗೆ ಆ ಕೋಣೆಯಲ್ಲಿ ನಮ್ಮಮ್ಮನೂ ಮಲಗುತ್ತಾಳೆ. ಮೊಮ್ಮಗಳು ಹನ್ನೊಂದಾದರೂ ಲೈಟ್ ಆರಿಸುವುದಿಲ್ಲ. ಅದಕ್ಕೆ ದಂಡವಾಗಿ ಅಜ್ಜಿಗೆ ಕಥೆ ಹೇಳಬೇಕು. ಹುಡುಗನಿಗೆ ನೂರು ದಾಟಿದೆ, ಇನ್ನೂ ಹೈಸ್ಕೂಲಿಗೆ ಹೋಗುತ್ತಾನೆ ಅಂದ ಕೂಡಲೇ ಅಮ್ಮ ಎದ್ದು ಕೂತಳಂತೆ.

“ಅಷ್ಟು ವರ್ಷ ಓದಿದ್ರೂ ಒಂದು ಕೆಲಸ ಸಿಕ್ಕಿಲ್ವೇನೇ ಅವನಿಗೆ?”