ಒಂಬತ್ತು ಅಜ್ಜಿಯರು

ಮಗಳಿಗೆ ಐದು ತುಂಬಿದ ವಾರವೇ ನಾನು ಅವೆನ್ಯೂ ರಸ್ತೆಯಿಂದ ವರ್ಣಮಾಲೆಯ ದೊಡ್ಡ ಚಾರ್ಟೊಂದನ್ನು ತಂದು, ಹನುಮಂತನಗರದ ನಮ್ಮ ಮನೆಯ ಹಾಲಿನಲ್ಲಿ, ಟಿವಿಗಿಂತ ಒಂದು ಗೇಣು ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ಶಾಲೆಯಲ್ಲಿ ಇಂಗ್ಲಿಷಿನ 26 ಅಕ್ಷರಗಳು ಆಗಲೇ ಮುಗಿದಿದ್ದವು. ಕನ್ನಡದ 49 ಅಕ್ಷರಗಳು ನನ್ನ ಪಾಲಿಗೆ ಬಂದಿದ್ದವು. ದಿನವೂ ಸಂಜೆ ಏಳರಿಂದ ಅರ್ಧ ಗಂಟೆ ಓದು ಎಂದು ಘೋಷಿಸಿದೆ. ಆ ಅರ್ಧ ಗಂಟೆಯಲ್ಲಿ ಅವಳು ಎರಡು ಸಲ ನೀರು ಕುಡಿಯುತ್ತಿದ್ದಳು, ಒಂದು ಸಲ ಬಚ್ಚಲಿಗೆ ಹೋಗಿಬರುತ್ತಿದ್ದಳು, ಉಳಿದ ಹೊತ್ತೆಲ್ಲ ‘ಋ’ ಪಕ್ಕದ ಋಷಿಯ ಗಡ್ಡವನ್ನೇ ನೋಡುತ್ತ ಕೂರುತ್ತಿದ್ದಳು. ಕಥೆಪುಸ್ತಕ ಕೈಗಿತ್ತರೆ ನಾನು ಅಕ್ಷರಅಕ್ಷರದ ಕೆಳಗೂ ಬೆರಳಿಟ್ಟು ತಿದ್ದುತ್ತಿದ್ದೆನಾದ್ದರಿಂದ, ಕಥೆಯ ಮೊಲ ಬಿಲದಿಂದ ಹೊರಗೆ ಬರುವ ಮೊದಲೇ ಪುಸ್ತಕ ಮುಚ್ಚಿಹೋಗುತ್ತಿತ್ತು. “ಅವಳನ್ನು ಬಿಡಿ, ಆ ಮೊಲಕ್ಕಾದರೂ ಉಸಿರಾಡೋಕೆ ಬಿಡ್ರೀ” ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು.

ಓದು ನಿಜವಾಗಿ ಶುರುವಾದದ್ದು ಬೀದಿಯಲ್ಲಿ. 2024ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕಾದ್ದರಿಂದ ಊರಿನ ಅಕ್ಷರಗಳೆಲ್ಲ ದಪ್ಪವಾಗಿದ್ದವು. ಅವುಗಳೊಂದಿಗೆ ಕಾಗುಣಿತದ ತಪ್ಪುಗಳೂ ಅಷ್ಟೇ ದಪ್ಪವಾಗಿದ್ದವು ಎಂಬುದನ್ನು ಮಗಳು ಕಂಡುಹಿಡಿಯುವವರೆಗೆ ನಾನು ಗಮನಿಸಿರಲಿಲ್ಲ. ಒಂದು ಸಂಜೆ ಜೆರಾಕ್ಸ್ ಅಂಗಡಿಯೊಂದರ ಮುಂದೆ ನಿಂತು ಅವಳು ಗಟ್ಟಿಯಾಗಿ ಓದಿದಳು: “ಅಜಿ ಒಂಬತ್ತು… ಭತಿ ಒಂಬತ್ತು… ಮಾಡಿ ಕೊಡಲಾಗುವುದು.” ಬಳಿಕ ನನ್ನತ್ತ ತಿರುಗಿ, “ಒಂಬತ್ತು ಅಜ್ಜಿ ಮಾಡಿ ಕೊಡ್ತಾರಾ ಅಪ್ಪಾ?” ಎಂದು ಕೇಳಿದಳು.

ಫಲಕದಲ್ಲಿದ್ದುದು ‘ಅಜಿ೯ ಭತಿ೯’. ಅರ್ಕಾವೊತ್ತನ್ನು ಎಲ್ಲಿ ಒತ್ತಬೇಕೆಂದು ತೋಚದ ಪುಣ್ಯಾತ್ಮರು ಅದನ್ನೇ ಹೋಲುವ ಕನ್ನಡದ ಒಂಬತ್ತನ್ನು ಒತ್ತಿ ಕೈತೊಳೆದುಕೊಂಡಿದ್ದರು. ಮಗಳಾದರೋ ಅಜ್ಜಿಯ ಗೋಡೆ ಕ್ಯಾಲೆಂಡರಿನಿಂದ ೧, ೨, ೩ಗಳನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ಅವಳ ಕಣ್ಣಿಗೆ ಒಂಬತ್ತು ಒಂಬತ್ತೇ. ಫುಟ್‌ಪಾತಿನ ಮೇಲೆಯೇ ಅವಳ ಅಂಗೈಯಲ್ಲಿ ಬೆರಳಿನಿಂದ ‘ಅರ್ಜಿ’ ಎಂದು ಬರೆದು, ರಕಾರವನ್ನು ‘ಜಿ’ಗೆ ಮೊದಲು ಉಚ್ಚರಿಸಬೇಕು, ಆದರೆ ಅದರ ಗುರುತನ್ನು ‘ಜಿ’ ಆದ ಮೇಲೆ ಹಾಕಬೇಕು ಎಂದು ವಿವರಿಸಿದೆ. “ಬಾಯಲ್ಲಿ ಮೊದಲು ಬರೋದನ್ನ ಕೈಯಲ್ಲಿ ಆಮೇಲೆ ಯಾಕೆ ಬರೀಬೇಕು?” ಎಂದಳು. ಕನ್ನಡವನ್ನು ನಲವತ್ತು ವರ್ಷಗಳಿಂದ ಓದುತ್ತ ಬಂದಿರುವ ನಾನು ಅವಳಿಗೊಂದು ಕಡಲೆಮಿಠಾಯಿ ಕೊಡಿಸಿದೆ.

ಮನೆಗೆ ಬಂದವಳೇ ಅಜ್ಜಿಗೆ ವರದಿ ಒಪ್ಪಿಸಿದಳು. “ಒಬ್ಬಳನ್ನೇ ಸಂಭಾಳಿಸೋಕೆ ನಿಮ್ಮಪ್ಪನಿಗೆ ಆಗ್ತಿಲ್ಲ, ಇನ್ನೂ ಎಂಟು ಜನ ಯಾಕೆ ಪುಟ್ಟಿ?” ಎಂದು ನಮ್ಮಮ್ಮ ಅವರೆಕಾಯಿ ಬಿಡಿಸುತ್ತಲೇ ತೀರ್ಪಿತ್ತರು.

ಅಲ್ಲಿಂದಾಚೆಗೆ ಅವಳ ಜೊತೆ ಹೊರಗೆ ಹೋಗುವುದೇ ಒಂದು ಪರೀಕ್ಷೆಯಾಯಿತು. ಗಾಂಧಿ ಬಜಾರಿಗೆ ಹೋಗುವಾಗ ನಮ್ಮ ಆಟೋ ಟ್ರಾಫಿಕ್ಕಿನಲ್ಲಿ ಸಿಕ್ಕಿ ಒಂದು ಗೋಡೆಯ ಪಕ್ಕದಲ್ಲಿ ನಿಂತಿತು. ಗೋಡೆಯ ಮೇಲಿದ್ದುದನ್ನು ಅವಳು ತನ್ನ ಶಾಲೆಯ ಪ್ರಾರ್ಥನೆಯ ದನಿಯಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು: “ಇ…ಲ್ಲಿ… ಮೂ…ತ್ರ… ಮಾ…ಡ…ಬಾ…ರ…ದು.” ಅಷ್ಟು ಹೊತ್ತಿಗೆ ಅದೇ ಗೋಡೆಗೆ ಮುಖಮಾಡಿ ನಿಂತಿದ್ದ ಸಭ್ಯ ಗೃಹಸ್ಥರೊಬ್ಬರು ಅರ್ಧಕ್ಕೇ ನಿಲ್ಲಿಸಲೂ ಆಗದೆ, ಮುಂದುವರಿಸಲೂ ಆಗದೆ ಹೆಗಲು ಕುಗ್ಗಿಸಿದರು. “ಅವರಿಗೆ ಓದೋಕೆ ಬರಲ್ವಾ ಅಪ್ಪಾ?” ಎಂಬ ಪ್ರಶ್ನೆಗೆ ನಾನು ಬಾಯಿ ಬಿಡುವ ಮೊದಲೇ ಆಟೋದವರು, “ಓದೋಕೆ ಬರುತ್ತೆ ಕಣಮ್ಮಾ, ತಡೆಯೋಕೆ ಬರಲ್ಲ” ಎಂದುಬಿಟ್ಟರು.

ಪುಸ್ತಕದ ಕಡೆಗೆ ಅವಳು ತಿರುಗಿದ್ದು ಆ ಒಂಬತ್ತಿನ ಜಗಳದ ದೆಸೆಯಿಂದ. ಜೆರಾಕ್ಸ್ ಅಂಗಡಿಯವರು ಸರಿಯೋ ಅಪ್ಪ ಸರಿಯೋ ಎಂಬುದು ಇತ್ಯರ್ಥವಾಗಬೇಕಿತ್ತು. ಅಪ್ಪನ ಮಾತೊಂದನ್ನೇ ನಂಬುವ ವಯಸ್ಸು ದಾಟಿಯಾಗಿತ್ತು. ಪೆನ್ಸಿಲ್ ಹಿಡಿದು, ಹೊಟ್ಟೆಯ ಮೇಲೆ ಮಲಗಿ, ಅದೇ ಮೊಲದ ಪುಸ್ತಕದಲ್ಲಿ ಅರ್ಕಾವೊತ್ತು ಬೇಟೆಯಾಡತೊಡಗಿದಳು. ಸಿಕ್ಕಿದ್ದಕ್ಕೆಲ್ಲ ಸುತ್ತ ಗೆರೆ ಎಳೆದಳು. ಹುಡುಕುತ್ತ ಹುಡುಕುತ್ತ ಮೊಲವೂ ಬಿಲದಿಂದ ಹೊರಗೆ ಬಂತು, ನರಿಯೂ ಬಂತು. ಏಳೂವರೆಯಾಯಿತೆಂದು ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಬೆರಳಿಡಲು ಕೈ ತುರಿಸುತ್ತಿತ್ತಾದರೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

ಮನೆಯ ಏಳು ಪುಸ್ತಕಗಳೂ ಗೆರೆಮಯವಾದ ಮೇಲೆ, ಆಫೀಸಿಗೆ ರಜೆ ಹಾಕಿ ಅವಳನ್ನು ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಹನ್ನೊಂದು ವರ್ಷಗಳಿಂದ ದಿನಾ ಆ ಫಲಕದ ಮುಂದೆಯೇ ಸ್ಕೂಟರಿನಲ್ಲಿ ಓಡಾಡಿದವನು ನಾನು. ಅವಳು ಗೇಟಿನ ಮುಂದೆ ನಿಂತು ಕತ್ತೆತ್ತಿ ಓದಿದಳು. “ಸಾರ್ವಜನಿಕ! ಒಂಬತ್ತು ಹಾಕಿಲ್ಲ ಅಪ್ಪಾ, ಸರಿಯಾಗಿ ಬರೆದಿದ್ದಾರೆ!” ಎಂದು ಕುಣಿದಳು. ಆಮೇಲೆ ಕೆಳಗಿನ ಸಣ್ಣ ಅಕ್ಷರಗಳಿಗೆ ಇಳಿದಳು. “ಸೋ…ಮ…ವಾ…ರ… ರ…ಜೆ.”

ಗೇಟಿಗೆ ಬೀಗ ಜಡಿದಿತ್ತು.

“ಇವತ್ತು ಯಾವ ವಾರ ಅಪ್ಪಾ?”