ಮಲೆನಾಡಿನ ಕಸುಬಿಗೆ ಶಿವಮೊಗ್ಗ ನಗರ ಸೂರು ಕಟ್ಟಿಕೊಡಬೇಕೇ?

ಚಿತ್ತಾರ, ಕೆತ್ತನೆ, ಕೈಮಗ್ಗ, ಮಿಡಿ ಉಪ್ಪಿನಕಾಯಿ, ಹಾಳೆ ತಟ್ಟೆ, ನಾಟಕ: ಮಲೆನಾಡಿನ ಕೈಕಸುಬು ಮತ್ತು ಕಲೆಯನ್ನು ನಂಬಿ ನಡೆಯುವ ಸಣ್ಣ ಉದ್ಯಮಗಳಿಗಾಗಿ ಶಿವಮೊಗ್ಗ ಮಹಾನಗರ ಪಾಲಿಕೆಯು ನಗರದ ನಡುವೆಯೇ ಸಾರ್ವಜನಿಕ ಹಣದಿಂದ ಕೆಲಸದ ಜಾಗ ಮತ್ತು ಮಾರಾಟ ಮಳಿಗೆಗಳನ್ನು ಕಟ್ಟಿಸಬೇಕೇ?

ಪರ

ಅಡಿಕೆ ಕೊಯ್ಲಿನ ಕಾಲದಲ್ಲಿ ಸಾಗರ ಸೀಮೆಯ ಯಾವ ಅಂಗಳಕ್ಕೆ ಹೋದರೂ ದೊಡ್ಡ ಹಂಡೆಯಲ್ಲಿ ಸುಲಿದ ಹಸಿ ಅಡಿಕೆ ಬೇಯುತ್ತಿರುತ್ತದೆ. ಅದೇ ನೀರಿನಲ್ಲಿ ಒಬ್ಬೆಯ ಮೇಲೆ ಒಬ್ಬೆ (ಒಂದು ಸಲಕ್ಕೆ ಬೇಯಿಸುವಷ್ಟು ಅಡಿಕೆ) ಬೇಯಿಸುತ್ತ ಹೋದಂತೆ ನೀರು ಕೆಂಪೇರಿ, ಮಂದವಾಗಿ, ಚೊಗರಾಗುತ್ತದೆ. ಆ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುವ ಕೆಲಸವನ್ನು ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಒಂದು ಉದ್ಯಮವಾಗಿಯೇ ಬೆಳೆಸಿದರು. ಬಣ್ಣ ಇಲ್ಲಿನದು, ನೇಯ್ಗೆ ಇಲ್ಲಿನದು, ಹೊಲಿಗೆಯೂ ಇಲ್ಲಿನದೇ. ಅದನ್ನು ಕೊಳ್ಳುವ ದೊಡ್ಡ ಗಿರಾಕಿ ಮಾತ್ರ ಬೆಂಗಳೂರಿನಲ್ಲಿದ್ದಾನೆ. ನಮ್ಮದೇ ಜಿಲ್ಲೆಯ ಬಟ್ಟೆ ಜಿಲ್ಲಾ ಕೇಂದ್ರವನ್ನು ಹಾದು 300 ಕಿಲೋಮೀಟರಿಗೂ ಆಚೆ ಹೋದ ಮೇಲೆ ಅದಕ್ಕೊಂದು ಬೆಲೆ ಸಿಗುತ್ತದೆ ಎಂದರೆ ಶಿವಮೊಗ್ಗ ತನ್ನ ಕೆಲಸವನ್ನು ಮಾಡಿಲ್ಲ ಎಂದೇ ಅರ್ಥ.

ಈ ಮಾತಿಗೆ ನಮ್ಮ ಕಣ್ಣೆದುರಿಗೇ ಒಂದು ಆಧಾರವಿದೆ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿದ್ದು 1939ರಲ್ಲಿ. ಅಡಿಕೆ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡು ತಮ್ಮ ಮಾಲಿಗೆ ಶಿವಮೊಗ್ಗದಲ್ಲಿ ಒಂದು ಗಟ್ಟಿ ನೆಲೆ ಮಾಡಿಕೊಂಡರು. ಇಂದು ತೀರ್ಥಹಳ್ಳಿಯ ಮೂಲೆಯ ಬೆಳೆಗಾರನಿಗೂ ಅಡಿಕೆಯ ಬೇರೆ ಬೇರೆ ಬಗೆಗಳ ದರ, ಅಂದರೆ ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಗೊರಬಲು ಎಷ್ಟು ಎಂಬುದು ಬೆಳಗಿನ ಪತ್ರಿಕೆಯಲ್ಲೇ ಗೊತ್ತಾಗುತ್ತದೆ. ದರ ಬೀಳಬಹುದು, ಏಳಬಹುದು. ಆದರೆ ದರ ಎಂಬುದೊಂದಿದೆ, ಅದನ್ನು ಕೇಳಲು ಒಂದು ಜಾಗವಿದೆ.

ಹಸೆ ಚಿತ್ತಾರ ಬರೆಯುವ ಹೆಣ್ಣುಮಗಳಿಗೆ ಇದರಲ್ಲಿ ಯಾವುದಿದೆ? ಸಾಗರ, ಸೊರಬದ ದೀವರ ಮನೆಗಳಲ್ಲಿ ಈ ಕಲೆ ತಾಯಿಯಿಂದ ಮಗಳಿಗೆ ಬಂದದ್ದು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಪುಂಡಿ ನಾರಿನ ಕುಂಚವನ್ನು ಬಣ್ಣದಲ್ಲಿ ಅದ್ದಿ, ಅಳತೆಪಟ್ಟಿಯ ಹಂಗಿಲ್ಲದೆ ಕೂದಲೆಳೆಯಂಥ ಗೆರೆಯನ್ನು ಗೋಡೆಯ ಈ ತುದಿಯಿಂದ ಆ ತುದಿಗೆ ಎಳೆಯುವ ಕೈ ಅದು. ಭೂಮಿ ಹುಣ್ಣಿಮೆಯ ಪೂಜೆಗೆಂದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯ ಮೇಲಿನ ಬರಹವನ್ನು ಒಮ್ಮೆ ಹತ್ತಿರದಿಂದ ನೋಡಿ: ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟ. ಇಷ್ಟು ಬಲ್ಲ ಕೈಗೆ ತನ್ನ ಒಂದು ದಿನದ ಕೆಲಸಕ್ಕೆ ಎಷ್ಟು ಕೇಳಬೇಕೆಂಬುದು ಗೊತ್ತಿರುವುದಿಲ್ಲ. ಕೊಳ್ಳಲು ಬಂದವನು ಹೇಳಿದ್ದೇ ದರ.

ಕೇಂದ್ರದ ಯೋಜನೆಗಳು ಇವೆಯಲ್ಲ ಎನ್ನಬಹುದು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಹೆಸರಿಸಿದೆ. ಬಡಗಿ, ಕಮ್ಮಾರ, ಕುಂಬಾರ, ಬುಟ್ಟಿ ಹೆಣೆಯುವವರು ಅದರಲ್ಲಿದ್ದಾರೆ, ಅದು ಸಂತೋಷದ ವಿಷಯ. ಗೋಡೆ ಚಿತ್ತಾರ ಅದರಲ್ಲಿಲ್ಲ, ಕೈಮಗ್ಗದ ನೇಯ್ಗೆಯೂ ಇಲ್ಲ. ದೆಹಲಿಯ ಪಟ್ಟಿಯಲ್ಲಿ ನಮ್ಮ ಊರಿನ ವಿದ್ಯೆಗೆ ಜಾಗವಿಲ್ಲದಿದ್ದರೆ ಆ ಕೊರತೆ ತುಂಬಬೇಕಾದದ್ದು ಹತ್ತಿರದ ಸರ್ಕಾರ.

ಇನ್ನು ಹಣ. ಸೋಗಾನೆಯ ವಿಮಾನ ನಿಲ್ದಾಣಕ್ಕೆ ಸುಮಾರು 450 ಕೋಟಿ ರೂಪಾಯಿ ಖರ್ಚಾಯಿತು. 2023ರ ಫೆಬ್ರವರಿ 27ರಂದು ಅದರ ಉದ್ಘಾಟನೆಯಾಯಿತು. ನಾನು ಅದನ್ನು ವಿರೋಧಿಸಿದವನಲ್ಲ. ಆದರೆ ಅಲ್ಲಿ ಇಳಿದವರು ಜೋಗ ನೋಡುತ್ತಾರೆ, ಸಕ್ರೆಬೈಲಿನಲ್ಲಿ ಆನೆ ನೋಡುತ್ತಾರೆ, ಆಗುಂಬೆಗೆ ಹೋಗಿ ಬರುತ್ತಾರೆ. ನಗರದಲ್ಲಿ ಅರ್ಧ ದಿನ ನಿಂತು, ಮಲೆನಾಡಿನದೇ ಎನ್ನಬಹುದಾದ ಹತ್ತು ವಸ್ತುಗಳನ್ನು ಒಂದೇ ಸೂರಿನಡಿ ನೋಡಿ ಕೊಂಡು ಹೋಗುವ ತಾಣ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾವು ತಡವರಿಸುತ್ತೇವೆ. ಒಂದು ಕಡೆ ಕಾರ್ಖಾನೆಗಳು ಹೋದವು. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿತ್ತು. ಭದ್ರಾವತಿಯ ಆ ಎರಡು ಚಿಮಣಿಗಳ ನೆರಳಿನಲ್ಲಿ ಬದುಕಿದ ಊರು ಇದು. ಮತ್ತೊಂದು ದೊಡ್ಡ ಕಂಪನಿ ಬಂದು ನಮ್ಮನ್ನು ಉದ್ಧರಿಸಲಿ ಎಂದು ಇನ್ನೆಷ್ಟು ಕಾಲ ಕಾಯುವುದು?

ಮಳಿಗೆಯಷ್ಟೇ ನನ್ನ ಬೇಡಿಕೆಯಲ್ಲ. ಜೊತೆಗೆ ಒಂದು ಪರೀಕ್ಷಾಲಯ ಬೇಕು, ಪ್ಯಾಕಿಂಗ್ ಯಂತ್ರ ಬೇಕು, ಆಹಾರ ಪರವಾನಗಿಯ ಅರ್ಜಿ ತುಂಬಿಸಿಕೊಡುವ ಒಬ್ಬ ಗುಮಾಸ್ತರು ಬೇಕು. ಉಪ್ಪಿನಕಾಯಿಯ ಮಾವಿನಮಿಡಿಯಾದ ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಮನೆಯಲ್ಲಿ ಭರಣಿ ತುಂಬುವ ಗೃಹಿಣಿಗೆ ಆ ಮಾನ್ಯತೆಯಿಂದ ಒಂದು ರೂಪಾಯಿ ಹೆಚ್ಚು ಸಿಗಬೇಕಾದರೆ ಲೇಬಲ್ಲು, ಪರೀಕ್ಷಾ ವರದಿ, ಬಿಲ್ಲು ಎಲ್ಲವೂ ಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳಿಗೆ ತಡೆಯೊಡ್ಡಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಊಟಕ್ಕೆ ಸೇರಬಹುದೆಂಬುದು ಅದು ಕೊಟ್ಟ ಕಾರಣ. ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಯಂತ್ರ ಇಟ್ಟುಕೊಂಡವರು ಆ ಆರೋಪಕ್ಕೆ ಒಬ್ಬರೇ ಹೇಗೆ ಉತ್ತರ ಕೊಡಬೇಕು? ಪ್ರಯೋಗಾಲಯದ ಬಾಗಿಲನ್ನು ಅವರ ಪರವಾಗಿ ತಟ್ಟುವ ಒಂದು ನೆಲೆ ಈ ನಗರದಲ್ಲಿರಬೇಕು. ಪಾಲಿಕೆ ಅದನ್ನು ಕಟ್ಟಲಿ.

ವಿರೋಧ

ಮೇಲಿನ ಬರಹದಲ್ಲಿ ಕಸುಬಿನ ಬಗ್ಗೆ ಇರುವ ಪ್ರೀತಿ ನನ್ನದೂ ಹೌದು. ಆದರೆ ಪಾಲಿಕೆಗೆ ಕಟ್ಟಡ ಕಟ್ಟುವುದು ಗೊತ್ತು, ಅಂಗಡಿ ನಡೆಸುವುದು ಗೊತ್ತಿಲ್ಲ. ಟೆಂಡರ್ ಕರೆಯಬಹುದು, ಶಂಕುಸ್ಥಾಪನೆ ಮಾಡಬಹುದು, ರಿಬ್ಬನ್ ಕತ್ತರಿಸಬಹುದು. ಆಮೇಲೆ? ಮಾಚೇನಹಳ್ಳಿಯ ಐಟಿ ಪಾರ್ಕ್ ಎದ್ದಾಗಲೂ ಇಂಥದ್ದೇ ಉತ್ಸಾಹ ಇತ್ತು. ಕಟ್ಟಡ ಬಂತು, ನಿರೀಕ್ಷಿಸಿದಷ್ಟು ಕಂಪನಿಗಳು ಬರಲಿಲ್ಲ. ಗೋಡೆ ಎದ್ದರೆ ವ್ಯವಹಾರ ತಾನಾಗಿ ಬರುತ್ತದೆ ಎಂಬ ನಂಬಿಕೆಗೆ ನಾವು ಈಗಾಗಲೇ ಸಾಕಷ್ಟು ಬೆಲೆ ತೆತ್ತಿದ್ದೇವೆ.

ಪಾಲಿಕೆಯ ಮಳಿಗೆಗಳು ಯಾರ ಕೈಗೆ ಹೋಗುತ್ತವೆ ಎಂಬುದನ್ನು ಮೊದಲು ಯೋಚಿಸಬೇಕು. ಅವುಗಳನ್ನು ಬಾಡಿಗೆಗೆ ಕೊಡುವುದು ಹರಾಜಿನಲ್ಲಿ. ಹೆಚ್ಚು ಕೂಗಿದವರಿಗೆ ಮಳಿಗೆ. ಗಾಂಧಿ ಬಜಾರಿನ ಸಗಟು ವ್ಯಾಪಾರಿಯ ಎದುರು ಭೂಮಣ್ಣಿ ಬುಟ್ಟಿ ಬರೆಯುವ ಹೆಂಗಸು ನಿಂತು ಬಿಡ್ ಕೂಗುವಳೇ? ಮೀಸಲು ಇಟ್ಟರೂ ಆಕೆಯ ಹೆಸರಿನಲ್ಲಿ ಮತ್ತೊಬ್ಬರು ಕೂರುತ್ತಾರೆ. ಎರಡು ವರ್ಷದಲ್ಲಿ ಅಲ್ಲಿ ಎಲ್ಲೆಲ್ಲಿಂದಲೋ ಬಂದ ಅಚ್ಚಿನ ಬೆಡ್‌ಶೀಟು, ಪ್ಲಾಸ್ಟಿಕ್ ಆಟಿಕೆಗಳು ತುಂಬಿರುತ್ತವೆ. ಇದಕ್ಕೆ ಉತ್ತರ ಹೇಳಬೇಕಾದವರು ಯಾರು? ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ವಾರ್ಡಿನ ಚರಂಡಿಯ ದೂರನ್ನೇ ಯಾರ ಮುಂದೆ ಹೇಳಬೇಕೆಂದು ಜನ ಹುಡುಕಾಡುವಂತಾಯಿತು.

ಕಸುಬು ಇರುವುದು ಹಳ್ಳಿಯಲ್ಲಿ. ಸಿರಿವಂತೆಯ ಚಿತ್ತಾರ ಕಲಾವಿದೆ ಗದ್ದೆ ನಾಟಿ, ಅಡಿಕೆ ಸುಲಿತ, ದನಕರು ಮುಗಿಸಿಕೊಂಡು ಉಳಿದ ಹೊತ್ತಿನಲ್ಲಿ ಬರೆಯುವವಳು. ಆಕೆಯ ಕೆಲಸದ ಜಾಗ ಅವಳ ಜಗಲಿ. ಬೆಳಗಿನ ಬಸ್ಸು ಹಿಡಿದು ಸಾಗರ ದಾಟಿ ಶಿವಮೊಗ್ಗಕ್ಕೆ ಬಂದು ಸಂಜೆ ಹಿಂದಿರುಗುವುದು ಉದ್ಯೋಗವಲ್ಲ, ಶಿಕ್ಷೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1949ರಲ್ಲಿ ಹಳ್ಳಿಯಲ್ಲೇ ಹುಟ್ಟಿತು. 1980ರಲ್ಲಿ ಅಲ್ಲೇ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ಆ ಹಳ್ಳಿಯ ಕೆಲಸಕ್ಕೆ. ಯಾವ ನಗರ ಪಾಲಿಕೆಯೂ ಅದಕ್ಕೆ ಸೂರು ಕಟ್ಟಿರಲಿಲ್ಲ. ನಾಟಕ ನೋಡಲು ನಗರದವರೇ ಹೆಗ್ಗೋಡಿಗೆ ಹೋದರು.

ಮರದ ಕೆತ್ತನೆಯ ಕಸುಬಿನ ಗುಡಿಗಾರರ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಎಲ್ಲಿ ಕೆಟ್ಟಿದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಗರ, ಸೊರಬದ ಗುಡಿಗಾರರ ಉಳಿ ಹೆಸರು ಮಾಡಿದ್ದು ಶ್ರೀಗಂಧದ ಮೇಲೆ. ಒಂದು ಕಾಲಕ್ಕೆ ಶ್ರೀಗಂಧ ಇಲ್ಲಿ ಎಷ್ಟಿತ್ತೆಂದರೆ 1944ರಲ್ಲಿ ಶಿವಮೊಗ್ಗದಲ್ಲೇ ಗಂಧದೆಣ್ಣೆ ಕಾರ್ಖಾನೆ ತೆರೆದಿದ್ದರು. ಆಮೇಲೆ ಕಳ್ಳಸಾಗಣೆ ಕಾಡನ್ನು ಬರಿದು ಮಾಡಿತು, ಮರದ ಬೆಲೆ ಕೈಗೆಟುಕದಾಯಿತು. ಕೆತ್ತುವವರು ಶಿವನಿ ಮರಕ್ಕೆ ಹೊರಳಿದರು. ಇಂಥ ಕಸುಬುದಾರರಿಗೆ ನಗರದಲ್ಲಿ ಗಾಜಿನ ಶೋಕೇಸು ಕೊಟ್ಟು ಏನು ಪ್ರಯೋಜನ? ಅವರಿಗೆ ಬೇಕಾದದ್ದು ಕೈಗೆಟುಕುವ ದರದಲ್ಲಿ ಮರ, ಮಕ್ಕಳು ಉಳಿ ಹಿಡಿಯುವಷ್ಟು ಸಂಪಾದನೆ. ಮರದ ಮಾತು ಅರಣ್ಯ ಇಲಾಖೆಯದು, ಪಾಲಿಕೆಯ ಕೈಯಲ್ಲಿಲ್ಲ.

ಹಾಗಾದರೆ ನಗರ ಏನೂ ಮಾಡಬಾರದೇ? ಮಾಡಲಿ, ಕೊಳ್ಳಲಿ. 2020ರ ಲಾಕ್‌ಡೌನಿನಲ್ಲಿ ಚರಕದಂಥ ಬೇರು ಬಿಟ್ಟ ಸಂಸ್ಥೆಯೇ ದಾಸ್ತಾನು ಮಾರಾಟವಾಗದೆ ಸಂಕಟಕ್ಕೆ ಸಿಲುಕಿತು. ಅಲ್ಲಿ ಮಗ್ಗವಿತ್ತು, ಬಣ್ಣವಿತ್ತು, ಕಟ್ಟಡವೂ ಇತ್ತು. ಇಲ್ಲದ್ದು ಗಿರಾಕಿ. ಈ ಜಿಲ್ಲೆಯ ವಿದ್ಯಾರ್ಥಿ ನಿಲಯಗಳಿಗೆ, ಆಸ್ಪತ್ರೆಗಳಿಗೆ ವರ್ಷವರ್ಷವೂ ಹೊದಿಕೆ, ಪರದೆ, ಟವಲು ಬೇಕು. ಸರ್ಕಾರಿ ಸಮಾರಂಭಗಳಿಗೆ ಸ್ಮರಣಿಕೆ ಬೇಕು, ಊಟಕ್ಕೆ ತಟ್ಟೆ ಬೇಕು. ಇದರಲ್ಲಿ ಒಂದು ಪಾಲನ್ನು ಮಲೆನಾಡಿನ ಸಂಘಗಳಿಂದಲೇ ಕೊಳ್ಳುತ್ತೇವೆಂದು ಜಿಲ್ಲಾಡಳಿತ ಮತ್ತು ಪಾಲಿಕೆ ಒಟ್ಟಿಗೆ ನಿರ್ಧರಿಸಿದರೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡದೆಯೇ ಮಾರುಕಟ್ಟೆ ಹುಟ್ಟುತ್ತದೆ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ಪಾರದರ್ಶಕ ಕಾಯ್ದೆ ಅಡ್ಡ ಬರುತ್ತದೆ ಎನ್ನುವವರಿಗೆ ಟೆಂಡರ್ ಇಲ್ಲದೆ ಕೊಳ್ಳಲು ಬಿಡುವ ಅದೇ ಕಾಯ್ದೆಯ 4(ಜಿ) ವಿನಾಯಿತಿ ಚೆನ್ನಾಗಿ ಗೊತ್ತಿದೆ. ಬೇರೆ ಕಾಮಗಾರಿಗಳಿಗೆ ಅದನ್ನು ಧಾರಾಳವಾಗಿ ಕೇಳುತ್ತಾರೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಶಿವಮೊಗ್ಗ ನಗರದ ದುಡಿಯುವ ಜನರೆಂದರೆ ಫೌಂಡ್ರಿಯಲ್ಲಿ ಎರಕ ಹೊಯ್ಯುವವರು, ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ದುರ್ಗಿಗುಡಿಯ ಬೀದಿಬದಿಯ ವ್ಯಾಪಾರಿಗಳು. ಅವರ ತೆರಿಗೆಯ ಹಣವನ್ನು ಬೇರೆ ತಾಲ್ಲೂಕಿನ ಕಸುಬಿನ ಹೆಸರಿನಲ್ಲಿ ಎದ್ದು ಯಾರದೋ ಪಾಲಾಗುವ ಕಟ್ಟಡಕ್ಕೆ ಸುರಿಯುವಾಗ ಅವರನ್ನೂ ಕೇಳಬೇಕಲ್ಲವೇ? ಮಳೆಗಾಲದಲ್ಲಿ ನೀರು ನುಗ್ಗದ ಬಡಾವಣೆ, ಬೀದಿ ವ್ಯಾಪಾರಿಗೆ ಎಬ್ಬಿಸದ ಜಾಗ: ಇವೂ ಸ್ಥಳೀಯ ಆರ್ಥಿಕತೆಯೇ.

ಕೊಳ್ಳುವ ವಿಷಯದಲ್ಲಿ ಹಣ ಪಾವತಿಯೇ ಎಲ್ಲಕ್ಕಿಂತ ಮುಖ್ಯ. ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನಗಳೊಳಗೆ ತೀರಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಸರ್ಕಾರಕ್ಕೆ ಮಾಲು ಕೊಟ್ಟು ತಿಂಗಳುಗಟ್ಟಲೆ ಕಚೇರಿ ಅಲೆದವರಿಗೆ ಆ ಸಾಲನ್ನು ಓದಿದರೆ ಕಣ್ಣೀರು ಬರುತ್ತದೆ. ಪಾಲಿಕೆ ಮೊದಲು ಹೆಗ್ಗೋಡಿನ ಕಡೆಯಿಂದ ಒಂದು ಲೋಡು ಹೊದಿಕೆ ತರಿಸಲಿ, ಅದರ ಬಿಲ್ಲನ್ನು 45 ದಿನಗಳೊಳಗೆ ಚುಕ್ತಾ ಮಾಡಿ ತೋರಿಸಲಿ. ಕಟ್ಟಡದ ನಕ್ಷೆಯ ಮಾತು ಆಮೇಲೆ.