ತಲ್ವಾರ್ ಹಿಡಿದ ಹುಡುಗನಿಗೆ ಹೊಡೆತ ಒಂದೇ ಮದ್ದಾ?

ನಮ್ಮ ಇಂಡಿ, ಚಡಚಣ ಕಡೆಯವರು ಎಲ್ಲಿಗೆ ಹೋದರೂ ಒಂದು ಮಾತು ಕೇಳಲೇಬೇಕು. "ಓ, ಭೀಮಾ ತೀರದವರಾ?" ಲಿಂಬೆ ತೋಟ ಯಾರಿಗೂ ನೆನಪಾಗಲ್ಲ, ನಾಡಪಿಸ್ತೂಲೇ ನೆನಪಾಗೋದು. ನಾನೀಗ ಇರುವ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿಗೂ ಇಂಥದ್ದೇ ಹೆಸರು ಅಂಟಿಕೊಂಡಿತ್ತು. ಯುರೋಪಿನ ಕೊಲೆಗಳ ರಾಜಧಾನಿ ಅಂತ ಪೇಪರಿನವರು ಬರೆಯುತ್ತಿದ್ದರು. ಆ ಊರು ಬಹಳಷ್ಟು ಬದಲಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿನ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಬೈಕ್ ಸೀಟಿನ ಮೇಲೆ ಬರ್ತ್‌ಡೇ ಕೇಕ್, ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗನ ಕೈಯಲ್ಲಿ ತಲ್ವಾರ್, ಸುತ್ತ ಮೊಬೈಲ್ ಎತ್ತಿ ಹಿಡಿದ ಗೆಳೆಯರು. ಹುಡುಗ ಕೇಕ್ ಕಡೆ ನೋಡುತ್ತಲೇ ಇಲ್ಲ, ಮೊಬೈಲ್ ಕಡೆಗೇ ಅವನ ಕಣ್ಣು. ಕೆಳಗೆ ನಮ್ಮ ಕಾಕಾ ಬರೆದಿದ್ದರು: "ಸ್ಟೇಶನ್ನಿಗೆ ಒಯ್ದು ನಾಕ್ ಬಿಟ್ರ ಶಾಣ್ಯಾ ಆಗ್ತಾನ ತಗೋ." ಎಲ್ಲರೂ ಹೌದೌದು ಅಂದರು.

ಕಾಕಾರ ಸಿಟ್ಟು ನನಗೆ ಅರ್ಥವಾಗುತ್ತದೆ. ಭೀಮೆ ದಂಡೆಯ ಮನೆಗಳು ಏನೇನು ಅನುಭವಿಸಿವೆ ಅಂತ ಅವರಿಗೆ ಗೊತ್ತು. ಆದರೆ ಮದ್ದು ಅದಲ್ಲ.

2005ರಲ್ಲಿ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು, ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್, ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ತುಂಬಾ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರ ಮೇಲೆ ಅದರ ಪರಿಣಾಮ ಕಾಣಲಿಲ್ಲ. ಆ ವಿಡಿಯೊದ ಹುಡುಗನ ಕಣ್ಣು ಎಲ್ಲಿತ್ತು ಅನ್ನೋದನ್ನು ಇದರ ಪಕ್ಕ ಇಟ್ಟು ನೋಡಿ. ನೋಡುವವರು ಇದ್ದಾರೆ ಅಂತಲೇ ಅವನು ತಲ್ವಾರ್ ಎತ್ತಿದ್ದಾನೆ. ಪೊಲೀಸರು ಅವನನ್ನು ಹಿಡಿದು ಬಜಾರಿನಲ್ಲಿ ಮೆರವಣಿಗೆ ಮಾಡಿಸಿದರೆ ನೋಡುವವರು ಇನ್ನೂ ಹೆಚ್ಚಾಗುತ್ತಾರೆ, ಅಷ್ಟೇ.

ಹೆದರಿಸಿ ನೋಡಿದ ಕಥೆಯೂ ಇದೆ. ಅಮೆರಿಕದಲ್ಲಿ ದಾರಿ ತಪ್ಪಿದ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೈಸಿ ಕಳಿಸುವ ಪದ್ಧತಿ ಇತ್ತು. ಹಾಗೆ ಹೋಗಿ ಬಂದವರನ್ನು, ಹೋಗದೇ ಇದ್ದವರ ಜೊತೆ ಹೋಲಿಸಿ ನೋಡಿದಾಗ, ಹೋಗಿ ಬಂದವರೇ ಮುಂದೆ ಹೆಚ್ಚು ತಪ್ಪು ಮಾಡಿದ್ದು ಕಂಡುಬಂತು. ಸ್ಕಾಟ್ಲೆಂಡಿನದೇ ಎಡಿನ್‌ಬರೋದಲ್ಲಿ 1998ರಲ್ಲಿ ಹೈಸ್ಕೂಲ್ ಸೇರಿದ ಸುಮಾರು 4,300 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಹೇಳುವುದೂ ಇಂಥದ್ದೇ. ಒಂದೇ ಥರದ ತಪ್ಪು ಮಾಡಿದ ಮಕ್ಕಳಲ್ಲಿ, ಪೊಲೀಸು ವಿಚಾರಣೆ ಅಂತ ಹೆಚ್ಚು ಒಳಗೆ ಸಿಕ್ಕಿಕೊಂಡವರೇ ತಪ್ಪಿನ ದಾರಿಯಿಂದ ಹೊರಬರಲು ಹೆಚ್ಚು ಕಷ್ಟಪಟ್ಟರು.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಗ್ಲಾಸ್ಗೋ ಬಿಡಲಿಲ್ಲ. 2005ರಲ್ಲಿ ಇಲ್ಲಿನ ಪೊಲೀಸರು ಹಿಂಸೆ ಕಡಿಮೆ ಮಾಡಲೆಂದೇ ಒಂದು ಘಟಕ ಶುರು ಮಾಡಿದರು. ಅದನ್ನು ಕಟ್ಟಿದವರು ಪತ್ತೇದಾರ ಜಾನ್ ಕಾರ್ನೊಕನ್ ಮತ್ತು ಮೊದಲು ನರ್ಸ್ ಆಗಿದ್ದು ಆಮೇಲೆ ಮನಃಶಾಸ್ತ್ರ ಓದಿದ ಕ್ಯಾರಿನ್ ಮೆಕ್ಲಸ್ಕಿ. 2008ರಲ್ಲಿ ಗ್ಯಾಂಗುಗಳ ಹುಡುಗರನ್ನು ಕೋರ್ಟಿಗೇ ಕರೆಸಿದರು. ಪೊಲೀಸರು ಎಚ್ಚರಿಕೆ ಕೊಟ್ಟರು, ವೈದ್ಯರು ಚಾಕುವಿನ ಗಾಯ ಹೇಗಿರುತ್ತದೆ ಅಂತ ಹೇಳಿದರು, ಮಗನನ್ನು ಕಳೆದುಕೊಂಡ ತಾಯಿ ಎದ್ದು ಮಾತಾಡಿದರು. ಕೊನೆಗೆ ಒಂದು ಫೋನ್ ನಂಬರ್ ಕೊಟ್ಟು, ಬಿಡಬೇಕು ಅನಿಸಿದರೆ ಕರೆ ಮಾಡಿ, ಕೆಲಸಕ್ಕೆ, ಓದಿಗೆ ದಾರಿ ಮಾಡಿಕೊಡುತ್ತೇವೆ ಅಂದರು. ಚಾಕು ಇಟ್ಟುಕೊಂಡವರಿಗೆ ಶಿಕ್ಷೆಯೂ ಬಿಗಿಯಾಯಿತು. 2004-05ರಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ 137 ಕೊಲೆ ಆಗಿದ್ದವು, ಹತ್ತು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗೆ ಬಂತು. ಎಲ್ಲ ಇದೊಂದರಿಂದಲೇ ಆಯಿತು ಅನ್ನಲಾಗದು, ಆದರೆ ದಾರಿ ಸರಿಯಿತ್ತು ಅಂತ ನನ್ನ ಗಟ್ಟಿ ನಂಬಿಕೆ.

ಇಲ್ಲಿನ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ, ಇರಿತ ತಿಂದು ಬಂದ ಹುಡುಗನ ಪಕ್ಕ ಕೂತು ಮಾತಾಡಲಿಕ್ಕೆ ಜನ ಇರುತ್ತಾರೆ. ಅವರಲ್ಲಿ ಕೆಲವರು ತಾವೇ ಅಂಥ ಬದುಕು ಕಂಡು ಬಂದವರು. ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ತಾಲೀಮಿನ, ಅಂದರೆ ಗರಡಿಮನೆಯ, ಕುಸ್ತಿ ಕಲಿಸುವ ವಸ್ತಾದರು. ಅಪ್ಪನ ಮಾತು ಕೇಳದ ಹುಡುಗ ವಸ್ತಾದರ ಮುಂದೆ ತಲೆ ಎತ್ತುತ್ತಿರಲಿಲ್ಲ. ಹೊಡೆತಕ್ಕೆ ಹೆದರಿ ಅಲ್ಲ. ಬೆಳಗಿನ ಜಾವ ಐದಕ್ಕೆ ಅವನ ಹಾದಿ ಕಾಯುವವರು ಒಬ್ಬರಿದ್ದರಲ್ಲ, ಅದಕ್ಕೆ. ಇಂಥ ಮನುಷ್ಯರು ನಮ್ಮಲ್ಲಿ ಈಗಲೂ ಇದ್ದಾರೆ, ಆದರೆ ಠಾಣೆಯವರು ಅವರನ್ನು ಕರೆಯಲ್ಲ.

ನಮ್ಮ ಕಾನೂನೂ ಕೆಟ್ಟದ್ದಲ್ಲ ನೋಡಿ. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಹದಿನೆಂಟು ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಅವನ ಗುರುತು ಹೊರಹಾಕುವಂತಿಲ್ಲ. ಇಂಥ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರಬೇಕು. ಘೋರ ಅಪರಾಧ ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಎಫ್‌ಐಆರ್ ಕೂಡ ಬೇಡ, ಠಾಣೆ ಡೈರಿಯಲ್ಲಿ ಬರೆದುಕೊಂಡು ಮಂಡಳಿಗೆ ತಿಳಿಸಿ ಅಂತ 2016ರ ನಿಯಮಗಳಿವೆ. ಹೀಗಿದ್ದೂ ಆ ಹುಡುಗನ ಮುಖ ಸಂಜೆಯೊಳಗೆ ಜಿಲ್ಲೆಯ ಎಲ್ಲ ಗುಂಪುಗಳಲ್ಲೂ ಓಡಾಡಿತ್ತು, ಕೆಳಗೆ "ಭೀಮಾ ತೀರದ ಮರಿ ರೌಡಿ" ಅಂತ ಬೇರೆ.

ಆ ವಿಡಿಯೊ ಇನ್ನೂ ನಿಮ್ಮ ಫೋನಿನಲ್ಲಿದ್ದರೆ ದಯವಿಟ್ಟು ಅಳಿಸಿ. ಅವನ ಮನೆ ನಿಮಗೆ ಗೊತ್ತಿದ್ದರೆ ಅವನ ಅವ್ವನನ್ನು ಮಾತಾಡಿಸಿ, ಊರಲ್ಲಿ ತಾಲೀಮು ನಡೆಸುವವರು ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಾಕಾ, ಈ ಮಾತು ನಿಮಗೂ ಸೇರಿ.